ಎಷ್ಟು ಅಕ್ಷರದ ಜಗಳ?

ಗೋವೆಯ ವಾಸ್ಕೋದ ನಮ್ಮ ಚಾಳಿನಲ್ಲಿ ಯಾರಾದರೂ ‘ಜಗಳ’ ಎಂದರೆ ಸುತ್ತ ಕೂತವರು ಮೊದಲು ಕೇಳುತ್ತಿದ್ದುದು, ‘ಎಷ್ಟ್ ಅಕ್ಷರದ್ದು?’ ಎಂದು. ಎರಡಾದರೆ ರಣ, ಯುದ್ಧ, ತಂಟೆ, ರಂಪ. ಮೂರಾದರೆ ಕೈಬೆರಳು ಸಾಲುತ್ತಿರಲಿಲ್ಲ: ಕದನ, ಕಲಹ, ಕಾಳಗ, ಸಮರ, ಸಂಗರ, ಲಡಾಯಿ, ಗಲಾಟೆ, ಕಿತ್ತಾಟ, ಕಚ್ಚಾಟ, ಗುದ್ದಾಟ, ಕಾದಾಟ. ನಾಲ್ಕಾದರೆ ಹೊಡೆದಾಟ, ಬಡಿದಾಟ, ಸೆಣಸಾಟ, ತಕರಾರು, ಜಟಾಪಟಿ. ಪದಬಂಧದ ಗೀಳು ಇದ್ದವರಿಗೆ ಇದು ಗೊತ್ತಿರುತ್ತದೆ. ಪದಬಂಧ ಹೆಣೆಯುವವರು ಎಲ್ಲಾದರೂ ಮೂಲೆಯಲ್ಲಿ ಸಿಕ್ಕಿಕೊಂಡರೆ ಥಟ್ಟನೆ ಕೈಗೆ ಬರುವುದು ಜಗಳವೇ. ಕದನ, ಕಲಹ, ಸಮರ ಇವುಗಳಲ್ಲಿ ಒಂದಕ್ಕೂ ಕೊಂಬಿಲ್ಲ, ಇಳಿಯಿಲ್ಲ, ಒತ್ತಿಲ್ಲ. ಅಂಥ ಬೋಳು ಅಕ್ಷರಕ್ಕೆ ಮೇಲಿನಿಂದ ಇಳಿದು ಬರುವ ಯಾವ ಮಾತಾದರೂ ಸಲೀಸಾಗಿ ಕೂಡಿಕೊಳ್ಳುತ್ತದೆ. ಹಾಗಾಗಿ ಒಂದಾದರೂ ಕಾದಾಟ ಇಲ್ಲದ ಪದಬಂಧ ನಮಗೆ ಸಿಗುತ್ತಿದ್ದುದು ಅಪರೂಪ. ಆ ಕಾದಾಟಗಳ ಸುತ್ತ ಕೂತೇ ನಾವು ಕನ್ನಡ ಕಲಿತೆವು.

ನಾನು ಹೇಳುತ್ತಿರುವುದು 1970ರ ದಶಕದ ಕೊನೆಯಿಂದ 1990ರ ಆಸುಪಾಸಿನವರೆಗಿನ ಮಾತು. ಮುರಗಾಂವ ಬಂದರು, ರೈಲ್ವೆ, ಹಡಗು ಕಟ್ಟುವ ಗೋವಾ ಶಿಪ್‌ಯಾರ್ಡ್, 1973ರಲ್ಲಿ ಶುರುವಾದ ಝುವಾರಿ ಗೊಬ್ಬರದ ಕಾರ್ಖಾನೆ, ಈ ನಾಲ್ಕರಲ್ಲಿ ಒಂದರ ಪಗಾರ ನಮ್ಮ ಚಾಳಿನ ಹೆಚ್ಚುಕಡಿಮೆ ಎಲ್ಲ ಮನೆಗೂ ಬರುತ್ತಿತ್ತು. ವಿಜಾಪುರ, ಬಾಗಲಕೋಟೆ, ಗದಗ, ಧಾರವಾಡ, ಬೆಳಗಾವಿ ಕಡೆಯವರೇ ಬಹಳ. ಮಳೆ ಕೈಕೊಟ್ಟ ವರ್ಷ ಎರೆಭೂಮಿ ಬಿಟ್ಟು ಗಾಡಿ ಹತ್ತಿದವರು ಬೈನಾದಲ್ಲಿ, ಮಂಗೋರ್ ಗುಡ್ಡದಲ್ಲಿ, ಸಡಾದಲ್ಲಿ ಇಳಿದಿದ್ದರು. ಬಂದರಿನ ಕಡೆಯಿಂದ ಕಬ್ಬಿಣದ ಅದಿರಿನ ಕೆಂಪು ಧೂಳು ಹಾರಿ ಬಂದು ಒಣಗಹಾಕಿದ ಧೋತರಗಳ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಪೊದೇರ್ ಸೈಕಲ್ಲಿನ ಹಾರ್ನ್ ಒತ್ತಿ ಪಾವ್ ಮಾರಿ ಹೋದ ಮೇಲೆ ಅದೇ ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಹೊರಗೆ ಕೊಂಕಣಿ, ಆಫೀಸಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಕನ್ನಡ ಇದ್ದದ್ದು ಬಾಗಿಲೊಳಗೆ ಮತ್ತು ಆ ಪಡಸಾಲೆಯಲ್ಲಿ.

ಕನ್ನಡದ ಕಾಗದ ಬರುತ್ತಿದ್ದುದು ಗಾಡಿಯಲ್ಲಿ. ಆಗ ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಬಾಜೂ ಘಟ್ಟ ಇಳಿದು ವಾಸ್ಕೋ ಮುಟ್ಟುವುದು ಮೀಟರ್‌ಗೇಜ್ ಹಳಿ. ಹುಬ್ಬಳ್ಳಿಯಲ್ಲಿ ಅಚ್ಚಾದ ಪತ್ರಿಕೆ ನಮ್ಮ ಕೈಗೆ ಸಿಗುವ ಹೊತ್ತಿಗೆ ಹುಬ್ಬಳ್ಳಿಯವರು ಅದರಲ್ಲಿ ಚುರಮುರಿ ಕಟ್ಟಿಸಿಕೊಂಡು ತಿಂದಾಗಿರುತ್ತಿತ್ತು. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಚಾಳಿನಲ್ಲೊಬ್ಬರು ರೈಲ್ವೆ ಗಾರ್ಡ್ ಕಾಕಾ ಇದ್ದರು. ವಾರಪತ್ರಿಕೆ ಬರುವ ದಿನ ಅವರ ಡ್ಯೂಟಿ ಯಾವ ಗಾಡಿಗೆ ಎಂಬುದು ನಮ್ಮ ಶಾಲೆಯ ವೇಳಾಪಟ್ಟಿಗಿಂತ ಚೆನ್ನಾಗಿ ನಮಗೆ ಬಾಯಿಪಾಠವಾಗಿತ್ತು. ಅವರು ಗೇಟಿನೊಳಗೆ ಕಾಲಿಟ್ಟ ಕೂಡಲೇ ಯಾರೂ ಸುದ್ದಿ ಕೇಳುತ್ತಿರಲಿಲ್ಲ. ‘ಪದಬಂಧ ಬಂತೇನ್ರೀ ಕಾಕಾ?’ ಅಷ್ಟೇ.

ಪ್ರತಿ ಒಂದೇ, ಮನೆಗಳು ಅನೇಕ. ಪತ್ರಿಕೆಯ ಮೇಲೆ ಒಬ್ಬರು ಬರೆದುಬಿಟ್ಟರೆ ಉಳಿದವರ ಗತಿ? ಇದಕ್ಕೊಂದು ಉಪಾಯ ಕಂಡುಹಿಡಿದವರು ಶಿಪ್‌ಯಾರ್ಡಿನ ಡ್ರಾಯಿಂಗ್ ಸೆಕ್ಷನ್ನಿನಲ್ಲಿದ್ದ ಮಾಮಾ. ಕೆಲಸಕ್ಕೆ ಬಾರದೆ ಬಿಸಾಡಿದ ನಕ್ಷೆಯ ಹಾಳೆಗಳನ್ನು ಅವರು ಸುರುಳಿ ಸುತ್ತಿ ಮನೆಗೆ ತರುತ್ತಿದ್ದರು. ಬಿಚ್ಚಿದರೆ ಗಮ್ಮೆಂದು ಅಮೋನಿಯಾ ವಾಸನೆ. ಒಂದು ಮಗ್ಗುಲಿಗೆ ನೀಲಿ ಗೆರೆಗಳಲ್ಲಿ ಯಾವುದೋ ಬಾರ್ಜಿನ ಪಕ್ಕೆಲುಬು, ಇನ್ನೊಂದು ಮಗ್ಗುಲು ಖಾಲಿ. ಖಾಲಿ ಮಗ್ಗುಲಲ್ಲಿ ಟಿ-ಸ್ಕ್ವೇರ್ ಇಟ್ಟು ಮಾಮಾ ಪದಬಂಧದ ಮನೆಗಳನ್ನು ಗೀಚುವರು. ಪ್ರತಿ ಮನೆಯೂ ಅಂಗೈಯಗಲ. ಕಪ್ಪು ಮನೆಗಳಿಗೆ ಇದ್ದಿಲು ತಿಕ್ಕುವ ಕೆಲಸ ಹುಡುಗರದು. ಅದಕ್ಕಾಗಿ ನಮ್ಮಲ್ಲೇ ಒಂದು ನೂಕಾಟ (ಮೂರಕ್ಷರ) ಆಗುತ್ತಿತ್ತು. ಆ ಹಾಳೆಯನ್ನು ಪಡಸಾಲೆಯ ಗೋಡೆಗೆ ಅಂಟಿಸಿ, ಕೆಳಗೆ ಪೆನ್ಸಿಲ್ಲೊಂದನ್ನು ದಾರದಲ್ಲಿ ತೂಗುಬಿಟ್ಟರೆ ವಾರದ ಆಟ ಶುರು. ಪೆನ್ನು ಮುಟ್ಟುವಂತಿಲ್ಲ. ರಾತ್ರಿಪಾಳಿ ಮುಗಿಸಿ ಬಂದವರು ಬೂಟು ಬಿಚ್ಚುವ ಮೊದಲು ಒಂದು ಅಕ್ಷರ ತುಂಬಿ ಹೋಗುವರು. ನೀರಿಗೆ ಹೊರಟವರು ಕೊಡ ಕೆಳಗಿಟ್ಟು ಇನ್ನೊಂದನ್ನು ಅಳಿಸುವರು.

ಈ ಆಟಕ್ಕೆ ಗುರು ಅಂಕೋಲೆಯ ಕಡೆಯ ಮಾಸ್ತರರು. ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಅವರ ಬಳಿ ಶಿವರಾಮ ಕಾರಂತರ ‘ಸಿರಿಗನ್ನಡ ಅರ್ಥಕೋಶ’ದ ಬೆನ್ನು ಹರಿದ ಪ್ರತಿಯೊಂದಿತ್ತು. ನಮ್ಮ ಪಾಲಿಗೆ ಅದೇ ಹೈಕೋರ್ಟು. ಪದಬಂಧ ಎಂಬುದು ಎಲ್ಲಿಂದ ಬಂತೆಂದು ನಮಗೆ ಹೇಳಿದವರೂ ಅವರೇ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಎಂಬ ಲಿವರ್‌ಪೂಲಿನವನು ವಜ್ರಾಕೃತಿಯ ಒಂದು ಆಟ ಅಚ್ಚು ಹಾಕಿಸಿದ. ನಡುವೆ ಖಾಲಿ, ಸುತ್ತ ಮನೆಗಳು. ಅಲ್ಲಿಂದ ಹೊರಟದ್ದು ನಮ್ಮ ಚಾಳಿನ ಗೋಡೆಯವರೆಗೆ ಬಂದಿತ್ತು. ಆದರೆ ಕನ್ನಡಕ್ಕೆ ಬರುವಾಗ ಅದು ಮೈ ಬದಲಿಸಿತು ಎನ್ನುವುದನ್ನು ಮಾಸ್ತರರು ಬಲು ಅಭಿಮಾನದಿಂದ ವಿವರಿಸುತ್ತಿದ್ದರು. ಅಲ್ಲಿ ಮನೆಗೊಂದು ಲಿಪಿಚಿಹ್ನೆ, ಇಲ್ಲಿ ಮನೆಗೊಂದು ಅಕ್ಷರ. ಸ್ವರ, ಒತ್ತು, ಸೊನ್ನೆ ಎಲ್ಲ ಹೊತ್ತುಕೊಂಡೇ ಒಂದಕ್ಷರ ಒಂದು ಮನೆಗೆ ಹೋಗಬೇಕು. ಹೊಸದಾಗಿ ಬಂದ ಹುಡುಗರಿಗೆ ಅವರು ಇಡುತ್ತಿದ್ದ ಮೊದಲ ಪರೀಕ್ಷೆ ‘ಯುದ್ಧ’ಕ್ಕೆ ಎಷ್ಟು ಮನೆ ಎಂಬುದು. ಮೂರು ಎಂದವರನ್ನು ಬೈಯುತ್ತಿರಲಿಲ್ಲ. ‘ಧ ಎಲ್ಲಿ ನಿಂತದೆ ನೋಡು ತಮಾ, ದ-ನ ಕಾಲ ಬುಡಕ್ಕೆ. ಬೇರೆ ಮನೆ ಯಾಕೆ ಬೇಕು ಅದಕ್ಕೆ?’ ಎನ್ನುತ್ತಿದ್ದರು.

ನಾಲ್ಕಕ್ಷರದ ಜಗಳಗಳಲ್ಲಿ ಒಂದು ಬಗೆಯವಕ್ಕೆ ನಮಗೆ ವಿಶೇಷ ಪ್ರೀತಿ. ಮಾರಾಮಾರಿ, ಹಣಾಹಣಿ. ಸಂಸ್ಕೃತದಿಂದ ಬಂದ ಕೇಶಾಕೇಶಿ, ದಂಡಾದಂಡಿ, ಮುಷ್ಟಾಮುಷ್ಟಿ. ಕೂದಲು ಹಿಡಿದು ಕಾದುವುದು ಕೇಶಾಕೇಶಿ, ದೊಣ್ಣೆಗೆ ದೊಣ್ಣೆ ಬಂದರೆ ದಂಡಾದಂಡಿ, ಬರಿಗೈಯಾದರೆ ಮುಷ್ಟಾಮುಷ್ಟಿ. ಎಲ್ಲಕ್ಕೂ ನಾಲ್ಕೇ ಮನೆ, ಎಲ್ಲದರಲ್ಲೂ ಒಂದನೆಯ ಮನೆಯ ಅಕ್ಷರವೇ ಮೂರನೆಯದರಲ್ಲಿ. ಎರಡನೆಯದು ದೀರ್ಘ ಆಕಾರ, ನಾಲ್ಕನೆಯದು ಅದೇ ವ್ಯಂಜನಕ್ಕೆ ಇಕಾರ. ಎದುರುಬದುರು ನಿಂತ ಇಬ್ಬರು ಒಂದೇ ಆಯುಧ ಹಿಡಿದು ಏಟಿಗೆ ಏಟು ಕೊಡುವುದು ಆ ನಾಲ್ಕು ಮನೆಗಳಲ್ಲೇ ಕಾಣಿಸುತ್ತಿತ್ತು. ಒಮ್ಮೆ ಬೇರೆ ಯಾವ ಮನೆಯೂ ತುಂಬಿರಲಿಲ್ಲ. ಮೂರನೆಯದರಲ್ಲಿ ಮಾತ್ರ ‘ದಂ’ ಇತ್ತು. ನಮ್ಮ ಗುಂಪಿನಲ್ಲೇ ಎಲ್ಲರಿಗಿಂತ ಚಿಕ್ಕವಳು, ಗಾರ್ಡ್ ಕಾಕಾನ ಮಗಳು, ಪೆನ್ಸಿಲ್ಲು ಹಿಡಿದು ಉಳಿದ ಮೂರನ್ನೂ ಒಂದೇ ಉಸಿರಿಗೆ ಬರೆದಳು. ಪಡಸಾಲೆಯೆಲ್ಲ ಚಪ್ಪಾಳೆ. ಮಾಸ್ತರರು ತಮ್ಮ ಜೇಬಿನ ಪೆನ್ನು ತೆಗೆದು ಅವಳ ಕೈಗಿಟ್ಟರು. ಪೆನ್ನು ಮುಟ್ಟಬಾರದೆಂಬ ಕಾಯಿದೆ ಆ ಒಂದು ದಿನ ಮುರಿಯಿತು.

ಈಗ ಕೂತು ಯೋಚಿಸಿದರೆ ನನಗೆ ಅತ್ಯಂತ ಹೆಚ್ಚುಗಾರಿಕೆ ಅನ್ನಿಸುವುದು ಮತ್ತೊಂದು ಸಂಗತಿ. ಜಗಳದ ಸುಳಿವು ಬಂದಾಗಲೆಲ್ಲ ಒಬ್ಬೊಬ್ಬರೂ ತಮ್ಮ ತಮ್ಮ ಊರಿನ ಕಾಳಗವನ್ನೇ ಹೊತ್ತು ತರುತ್ತಿದ್ದರು. ಬೆಳೆ, ಹಬ್ಬ, ಆಭರಣ ಯಾವುದರ ಸುಳಿವು ಬಂದರೂ ಹೀಗಾಗುತ್ತಿರಲಿಲ್ಲ.

ಮುಧೋಳದ ಅಕ್ಕಾರಿಗೆ ರನ್ನ ಅಂದರೆ ಮನೆಯ ಹಿರಿಯ. ‘ಗದಾಯುದ್ಧ’ ಬರೆದ ಕವಿ ತಮ್ಮೂರಿನವನು ಎಂಬ ಹೆಮ್ಮೆ ಅವರು ಸಾರಿಗೆ ಒಗ್ಗರಣೆ ಹಾಕುವಾಗಲೂ ಕಡಿಮೆಯಾಗುತ್ತಿರಲಿಲ್ಲ. ‘ದುರ್ಯೋಧನ ಅಡಗಿದ ಕೊಳ, ಐದಕ್ಷರ’ ಎಂದರೆ ಒಳಗಿನಿಂದಲೇ ‘ವೈಶಂಪಾಯನ’ ಎಂದು ಕೂಗುವರು. ಹುಬ್ಬಳ್ಳಿ ಹತ್ತಿರದ ಕೋಳಿವಾಡದ ಅಜ್ಜ ಮಗನ ಮನೆಗೆಂದು ಬಂದು ಇಲ್ಲೇ ಉಳಿದವರು. ಕೋಳಿವಾಡ ಕುಮಾರವ್ಯಾಸನ ಊರು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಅವನು ಭಾರತ ಬರೆದನೆಂಬುದು ಪ್ರತೀತಿ. ಕಾಳಗಕ್ಕೆ ನಾವು ಸಾಮಾನ್ಯವಾಗಿ ಬಳಸದ ಹೆಸರುಗಳೆಲ್ಲ ನಮಗೆ ದಕ್ಕಿದ್ದು ಅಜ್ಜನಿಂದ: ಅನುವರ, ಆಹವ, ಧುರ, ಕೊಳಗುಳ. ಶಾಲೆಗೆ ಹೋಗಿ ಕಲಿತದ್ದು ಅವರಿಗೆ ಬಹಳವಿರಲಿಲ್ಲ. ಊರ ಗುಡಿಯಲ್ಲಿ ಭಾರತ ಓದಿಸುವಾಗ ಕಂಬಕ್ಕೊರಗಿ ಕೇಳಿದ್ದು ಅಷ್ಟೂ ಕಿವಿಯಲ್ಲಿ ನಿಂತಿತ್ತು. ಕೌರವರದು ಹನ್ನೊಂದು ಅಕ್ಷೋಹಿಣಿ, ಪಾಂಡವರದು ಏಳು ಎಂದು ಲೆಕ್ಕ ಒಪ್ಪಿಸಿ, ಒಂದು ಅಕ್ಷೋಹಿಣಿಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು ಎಂದು ಗಡಗಡ ಹೇಳುವರು.

ವಿಜಾಪುರ ಕಾಕಾ ಬಂದರಿನ ಕ್ರೇನಿನ ಮೇಲಿದ್ದರು. ಊರು ಮುದ್ದೇಬಿಹಾಳದ ಕಡೆ. ‘1565ರ ಯುದ್ಧ’ ಎಂಬ ಸುಳಿವು ಬಂದರೆ ಎಲ್ಲರೂ ‘ತಾಳಿಕೋಟೆ’ ಬರೆಯಲು ಏಳುವರು, ಕಾಕಾ ತಡೆಯುವರು. ‘ಮನಿ ಎಣಿಸ್ರಿ ಮೊದ್ಲ. ಆರಿದ್ರ ರಕ್ಕಸತಂಗಡಿ. ಯುದ್ಧ ಆಗಿದ್ದು ಕೃಷ್ಣಾ ದಂಡಿ ಮ್ಯಾಲ, ನಮ್ಮ ಹೊಲದ ಕಡೆ.’ ಆಮೇಲೆ ಅವರಿಗೆ ಇನ್ನೊಂದು ಮಾತು ಹೇಳದೆ ಸಮಾಧಾನವಿಲ್ಲ. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದು ವಿಜಾಪುರದ ಆದಿಲಶಾಹಿಯಿಂದ; ಪಣಜಿಯ ಹಳೆಯ ಸೆಕ್ರೆಟರಿಯೇಟ್ ಇದ್ದದ್ದೂ ಆದಿಲಶಾಹನ ಅರಮನೆಯಲ್ಲೇ. ‘ನಾವೇನ್ ಹೊರಗಿನವ್ರಲ್ಲ, ನೆನಪಿಟ್ಕೋರಿ’ ಎನ್ನುವರು. ಪೇಟೆಯಲ್ಲಿ ಯಾರಾದರೂ ‘ಘಾಟಿ’ (ಘಟ್ಟದ ಮೇಲಿನವರು) ಎಂದು ಹಂಗಿಸಿದ ದಿನ ಈ ಮಾತು ಎರಡು ಸಲ ಬರುತ್ತಿತ್ತು.

ಬೆಳಗಾವಿಯ ಮಾಮಾ ಪ್ರಾಯದಲ್ಲಿ ಪೈಲ್ವಾನರು. ಆನಂದವಾಡಿ ಅಖಾಡದ ಕೆಮ್ಮಣ್ಣಿನ ಗುಣವನ್ನು ವರ್ಣಿಸುವಾಗ ಅವರ ಕಣ್ಣು ಅರಳುತ್ತಿತ್ತು. ‘ಕುಸ್ತಿ’ಗೆ ಜಗಳ ಎಂಬ ಸುಳಿವು ಕೊಟ್ಟ ವಾರ ಅವರು ಪತ್ರಿಕೆಯವರ ಮೇಲೆ ಸಿಟ್ಟಾಗಿದ್ದರು. ಕುಸ್ತಿ ಜಗಳವಲ್ಲ, ವಿದ್ಯೆ. ಸೋತವನು ಗೆದ್ದವನ ಮೈಮೇಲಿನ ಮಣ್ಣು ಒರೆಸಿ ಹೋಗುತ್ತಾನೆ, ಜಗಳದಲ್ಲಿ ಯಾರು ಒರೆಸುತ್ತಾರೆ? ಅವರ ವಾದ ನನಗೆ ಇವತ್ತಿಗೂ ಒಪ್ಪಿಗೆ. 1961ರ ಡಿಸೆಂಬರ್‌ನಲ್ಲಿ ಗೋವೆಗೆ ಹೊರಟ ಸೇನೆಯ ಲಾರಿಗಳು ಬೆಳಗಾವಿಯ ರಸ್ತೆಯಲ್ಲಿ ಸಾಲುಗಟ್ಟಿ ನಿಂತದ್ದನ್ನು ಕಣ್ಣಾರೆ ಕಂಡಿದ್ದವರು ಅವರು. ಡಿಸೆಂಬರ್ 19 ಬಂತೆಂದರೆ ‘ಗೋವಾ ಬಿಡಿಸಿದ ಕಾರ್ಯಾಚರಣೆ, ಮೂರಕ್ಷರ’ ಎಂದು ತಾವೇ ಸುಳಿವು ಕೊಟ್ಟು, ನಾವು ಬಾಯಿ ತೆರೆಯುವ ಮೊದಲೇ ‘ವಿಜಯ’ ಎಂದು ತಾವೇ ಉತ್ತರಿಸುವರು.

ಮಾಸ್ತರರದು ಯಕ್ಷಗಾನದ ಕಾಳಗ. ಕೃಷ್ಣಾರ್ಜುನ ಕಾಳಗ, ಸುಧನ್ವಾರ್ಜುನ ಕಾಳಗ, ಬಬ್ರುವಾಹನ ಕಾಳಗ, ಕರ್ಣಾರ್ಜುನ ಕಾಳಗ, ಇಂದ್ರಜಿತು ಕಾಳಗ, ಮೈರಾವಣ ಕಾಳಗ. ರಾತ್ರಿಯಿಡೀ ಮಾತಿನಲ್ಲೇ ಹೊಡೆದಾಡಿ ಬೆಳಗಿನ ಜಾವಕ್ಕೆ ಆಯುಧ ಎತ್ತುವ ಆ ಜಗತ್ತು ನಮ್ಮ ಬಯಲುಸೀಮೆಯವರಿಗೆ ಹೊಸದು. ಮಾಸ್ತರರು ಪಡಸಾಲೆಯಲ್ಲೇ ಬಬ್ರುವಾಹನನೂ ಆಗಿ ಅರ್ಜುನನೂ ಆಗಿ ಅರ್ಥ ಹೇಳುತ್ತಿದ್ದರೆ, ಟಗರಿನ ಕಾಳಗ ನೋಡಿ ಬೆಳೆದವರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಟಗರಿನ ಕಾಳಗದ ವಿಷಯದಲ್ಲಿ ಪಾರಂಗತ ನಮ್ಮಪ್ಪ. ಹಾಲುಹಲ್ಲಿನ ಟಗರಿಗೆ ಹಾಲುಹಲ್ಲಿನದೇ ಜೋಡಿ, ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ಹೀಗೆ ನಾಲ್ಕು, ಆರು, ಎಂಟರವರೆಗೆ; ತೂಕವನ್ನಲ್ಲ, ಬಾಯಿ ತೆರೆದು ಹಲ್ಲನ್ನೇ ನೋಡಿ ಜೋಡಿ ಕಟ್ಟುತ್ತಾರೆ ಎಂದು ವಿವರಿಸುವರು. ಪೇಟೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಉಡುಪಿಯ ಮಾಮ ಅಪರೂಪಕ್ಕೆ ಬಂದರೆ ಕೋಳಿ ಅಂಕದ ಕಥೆ ಬಿಚ್ಚುವರು.

ಗೋವೆಯದೇ ಕಾಳಗವೊಂದನ್ನು ನಮಗೆ ಕೊಟ್ಟವರು ಪಕ್ಕದ ಮನೆಯ ಅಂಕಲ್. ಅವರ ಊರು ಬಾಣಾವಲಿ. ಕನ್ನಡ ಓದಲು ಬಾರದು. ಗೋಡೆಯ ಮೇಲಿನ ಹಾಳೆಯನ್ನು ಮಾತ್ರ ದಿನವೂ ನಿಂತು ನೋಡುವರು. ‘ಇವತ್ತು ಎಷ್ಟು ತುಂಬಿತು’ ಎಂದು ಕೊಂಕಣಿಯಲ್ಲಿ ಕೇಳುವರು. ‘ಗೂಳಿ ಕಾಳಗ’ ಎಂಬ ಉತ್ತರ ಬಂದ ವಾರ ಮಾಸ್ತರರು ಅದನ್ನು ಅವರಿಗೆ ವಿವರಿಸಿದಾಗ ಅವರ ಮುಖ ಊರಗಲವಾಯಿತು. ‘ಧಿರಿಯೋ!’ ಮುಂದಿನ ಫೆಸ್ತಿಗೆ ನಮ್ಮನ್ನು ಸಾಸಷ್ಟಿಗೆ ಕರೆದುಕೊಂಡು ಹೋದರು. ಭತ್ತ ಕೊಯ್ದ ಗದ್ದೆ. ಸುತ್ತ ಜನ, ನಡುವೆ ಎರಡು ಹೋರಿ. ಸ್ಪೇನಿನ ಹಾಗೆ ಇಲ್ಲಿ ಕತ್ತಿ ಹಿಡಿದ ಮನುಷ್ಯ ಕಣಕ್ಕಿಳಿಯುವುದಿಲ್ಲ. ಹೋರಿಗೆ ಹೋರಿಯೇ ಎದುರಾಳಿ. ಹಣೆಗೆ ಹಣೆ ಕೊಟ್ಟು, ಕೊಂಬಿಗೆ ಕೊಂಬು ಸಿಕ್ಕಿಸಿ ನಿಂತರೆ ಹಿಂಗಾಲಿನ ಗೊರಸು ಕೂಳೆಯೊಳಗೆ ಇಳಿಯುತ್ತಾ ಹೋಗುತ್ತದೆ. ಮೊದಲು ಬೆನ್ನು ತಿರುಗಿಸಿದ್ದು ಸೋತಿತು. ಸೋತದ್ದು ಯಾವ ದಿಕ್ಕಿಗೆ ಓಡುತ್ತದೆಂದು ಯಾರಿಗೂ ಗೊತ್ತಿರದ ಕಾರಣ ಆ ಕ್ಷಣದಲ್ಲಿ ಜನವೂ ಚೆಲ್ಲಾಪಿಲ್ಲಿ. ಕೊಂಬು ತಾಗಿ ಹರಿದ ಒಂದು ಹೋರಿಯ ಕಣ್ಣಿನ ಅಂಚನ್ನು ನಾನು ಹತ್ತಿರದಿಂದ ನೋಡಿದೆ; ಅದರ ಯಜಮಾನ ಅದನ್ನು ತೊಳೆಯುತ್ತ ಅಳುತ್ತಿದ್ದ. 1990ರ ದಶಕದ ಉತ್ತರಾರ್ಧದಲ್ಲಿ, ನೋಡಲು ನಿಂತವರೊಬ್ಬರು ಹೋರಿಯ ತಿವಿತಕ್ಕೆ ಸತ್ತ ಮೇಲೆ, ಹೈಕೋರ್ಟು ಧಿರಿಯೋ ನಿಲ್ಲಿಸಿತು. ಕದ್ದುಮುಚ್ಚಿ ನಡೆಯುವುದು ನಿಂತಿಲ್ಲ. ಮತ್ತೆ ಕಾನೂನಿನೊಳಗೆ ತನ್ನಿ ಎಂಬ ಕೂಗೂ ಇದೆ. ಅಂಕಲ್ ಮೇಲಿನ ನನ್ನ ಪ್ರೀತಿ ಒಂದಿಷ್ಟೂ ಕುಂದಿಲ್ಲ, ಆದರೆ ನಿಲ್ಲಿಸಿದ್ದೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ.

ಪತ್ರಿಕೆ ಬಾರದ ವಾರಗಳಲ್ಲಿ ಮಾಸ್ತರರೇ ಪದಬಂಧ ಕಟ್ಟುತ್ತಿದ್ದರು. ಪತ್ರಿಕೆಯವರಂತೆ ‘ಯುದ್ಧ’ ಎಂದು ಸಪ್ಪೆ ಸುಳಿವು ಕೊಡುವುದು ಅವರಿಗೆ ಆಗದ ಮಾತು. ‘ಕದ ತೆಗೆದರೆ ಕಾಳಗ (3)’: ಕದನ. ‘ಒಳಗೊಂದು ಮರವಿದ್ದರೂ ನೆರಳಿಲ್ಲ (3)’: ಸಮರ. ‘ಸಂಗದ ತುದಿಗೆ ರಕಾರ ಬಂತು, ಸ್ನೇಹ ಹೋಯಿತು (3)’: ಸಂಗರ. ‘ಯುದ್ಧವಿಲ್ಲ, ಆದರೂ ರಣ, ಚೈತ್ರದಲ್ಲಿ ನೆತ್ತಿ ಸುಡುತ್ತದೆ (5)’: ರಣಬಿಸಿಲು. ಉತ್ತರ ಹೊಳೆದ ಕೂಡಲೇ ಹಣೆ ಚಚ್ಚಿಕೊಳ್ಳುವಂತಾಗಬೇಕು, ಅದೇ ಒಳ್ಳೆಯ ಸುಳಿವಿನ ಲಕ್ಷಣ ಎಂಬುದು ಅವರ ಸಿದ್ಧಾಂತ.

ಜಗಳದ ಪದಕ್ಕಾಗಿ ನಿಜವಾದ ಜಗಳವೂ ಆಗಿದೆ. ‘ಕ’ದಿಂದ ಶುರುವಾಗುವ ಮೂರಕ್ಷರ, ಸುಳಿವು ‘ಸಂಸಾರದಲ್ಲಿ ತಪ್ಪದ್ದು’ ಎಂದು. ಒಂದು ಗುಂಪು ಕದನ, ಇನ್ನೊಂದು ಕಲಹ. ಉಳಿದೆರಡು ಮನೆಗಳಿಗೆ ಮೇಲಿನಿಂದ ಬರುವ ಮಾತುಗಳು ಯಾರಿಗೂ ಹೊಳೆದಿರಲಿಲ್ಲ. ವಿಜಾಪುರ ಕಾಕಾ ಮತ್ತು ಬೆಳಗಾವಿಯ ಮಾಮಾ ಧ್ವನಿ ಏರಿಸಿದರು. ಮಾಸ್ತರರು ಶಾಲೆಯಿಂದ ಬಂದಿರಲಿಲ್ಲ, ಅರ್ಥಕೋಶ ಅವರ ಟ್ರಂಕಿನಲ್ಲಿ. ಒಲೆಯ ಮುಂದಿದ್ದ ನಮ್ಮವ್ವ ಕೈಯ ಹಿಟ್ಟು ಕೊಡವುತ್ತ ಹೊರಗೆ ಬಂದಳು. ಅಕ್ಷರ ಗುರುತಿರದ ಹೆಣ್ಣುಮಗಳು. ‘ಮನ್ಯಾಗಿಂದು ಕಲಹ, ಓಣ್ಯಾಗಿಂದು ಜಗಳ, ಬಯಲಾಗಿಂದು ಕದನ, ಕೋರ್ಟಿನ್ಯಾಗಿಂದು ವ್ಯಾಜ್ಯ. ಮದ್ವಿ ಮನ್ಯಾಗ ಆದ್ರ ಅದು ರಂಪ. ಇಷ್ಟ್ ಗೊತ್ತಾಗೂದಿಲ್ಲೇನ್ರಿ?’ ಎಂದು ಹೇಳಿ ಒಳಗೆ ಹೋದಳು. ಕಲಹವೇ ಸರಿಯಾಗಿತ್ತು. ಯಾವ ನಿಘಂಟಿನಲ್ಲೂ ಇಷ್ಟು ಖಡಾಖಂಡಿತವಾದ ಅರ್ಥವ್ಯತ್ಯಾಸ ನಾನು ಕಂಡಿಲ್ಲ. ಅಂದಿನಿಂದ ಕಗ್ಗಂಟು ಬಂದಾಗಲೆಲ್ಲ ಅವ್ವನನ್ನು ಕರೆಯುವುದು ರೂಢಿಯಾಯಿತು. ‘ಹೆಚ್ಚಿಂದು ಯಾವ್ದು ಅಕ್ಕಾರ, ಬಡಿದಾಟೋ ಹೊಡೆದಾಟೋ?’ ಎಂದು ಗಾರ್ಡ್ ಕಾಕಾ ಅತ್ಯಂತ ಮರ್ಯಾದೆಯಿಂದ ಕೇಳುತ್ತಿದ್ದರು.

ಹೊರಗಿನ ಹೋರಾಟಗಳು ಪಡಸಾಲೆಗೆ ಬಾರದೆ ಇರಲಿಲ್ಲ. 1982ರಲ್ಲಿ ಗೋಕಾಕ್ ಚಳವಳಿಯ ಸುದ್ದಿ ಒಂದು ದಿನ ತಡವಾಗಿ ಓದಿಯೇ ನಮ್ಮ ಹಿರಿಯರು ಹಿಗ್ಗಿದ್ದರು. 1986ರ ಡಿಸೆಂಬರ್‌ನಲ್ಲಿ ಕೊಂಕಣಿಯ ಹೋರಾಟ ಬಿಸಿಯೇರಿ ರಸ್ತೆಗಳಿಗೆ ಅಡ್ಡಡ್ಡ ಮರ ಉರುಳಿಸಿದಾಗ ಕೆಲವರಿಗೆ ಭಯವಾಯಿತು. ಮಾಸ್ತರರು ಮಾತ್ರ ‘ಅಲ್ಲಿ ನಾವು ಕೇಳಿದ್ದನ್ನೇ ಇಲ್ಲಿ ಇವರು ಕೇಳುತ್ತಿದ್ದಾರೆ’ ಎಂದರು. 1987ರ ಫೆಬ್ರವರಿಯಲ್ಲಿ ಕೊಂಕಣಿ ರಾಜಭಾಷೆಯಾಯಿತು, ಮೇ 30ಕ್ಕೆ ಗೋವಾ ರಾಜ್ಯವಾಯಿತು. ಅಂಕಲ್ ಮನೆಯಿಂದ ದೋದೊಲ್ ಬಂತು, ನಮ್ಮಲ್ಲಿಂದ ಹೋಳಿಗೆ ಹೋಯಿತು.

‘ಬನವಾಸಿಯ ರಾಜವಂಶ (3)’ ಎಂಬ ಸುಳಿವಿಗೆ ಪಠ್ಯಪುಸ್ತಕ ನೋಡದೆ ಉತ್ತರ ಹೇಳಿದ ಮಕ್ಕಳು ನಾವು. ಗೋವೆಯ ಸರ್ಕಾರಿ ಬಸ್ಸಿನ ಹೆಸರೇ ಕದಂಬ. ಗೋವೆಯನ್ನು ಆಳಿದ ಕದಂಬರ ಕನ್ನಡ ಶಾಸನಗಳು ಈ ನೆಲದಲ್ಲಿವೆ ಎಂದು ಮಾಸ್ತರರು ಹೇಳಿದ ಮೇಲೆ ಆ ಬಸ್ಸು ಹತ್ತುವಾಗ ನಮ್ಮ ನಡಿಗೆಯೇ ಬೇರೆಯಾಯಿತು.

ಆಮೇಲೆ ಒಬ್ಬೊಬ್ಬರಾಗಿ ಚದುರಿದೆವು. ಅಜ್ಜ ಹೋದರು. ವಿಜಾಪುರ ಕಾಕಾ ನಿವೃತ್ತರಾಗಿ ಕೃಷ್ಣೆಯ ದಂಡೆಯ ಹೊಲಕ್ಕೆ ಮರಳಿದರು. ಹಳಿ ಬ್ರಾಡ್‌ಗೇಜ್ ಆಯಿತು. 2004ರ ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿನಲ್ಲಿ, ಬೈನಾ ಕಡಲದಂಡೆಯ ಗುಡಿಸಲುಗಳನ್ನು ನೆಲಸಮ ಮಾಡಿದರು. ನಮ್ಮ ಜತೆ ಇದ್ದಿಲು ತಿಕ್ಕಿದ ಹುಡುಗರಲ್ಲಿ ಕೆಲವರ ಮನೆ ಅಲ್ಲಿದ್ದವು. ಅವರು ಎಲ್ಲಿ ಹೋದರೆಂದು ಹುಡುಕಿದರೂ ಸಿಗಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಹದಾಯಿ ನೀರಿನ ತಕರಾರಂತೂ ಎರಡೂ ಕಡೆ ನಂಟಿರುವ ನಮ್ಮಂಥವರನ್ನು ನಡುವೆ ನಿಲ್ಲಿಸಿತು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಹೇಳಿದ ದಿನ ನರಗುಂದದಿಂದ ಒಂದು ಫೋನು, ಮಡಗಾಂವದಿಂದ ಒಂದು ಫೋನು ಬಂತು. ಇಬ್ಬರೂ ನನ್ನನ್ನೇ ಬೈದರು. ಇಬ್ಬರೂ ಆ ಪಡಸಾಲೆಯವರೇ.

ಮಾಸ್ತರರು ತೀರಿಕೊಂಡು ಬಹಳ ವರ್ಷವಾಯಿತು. ಕೋಲಾರ ಜಿಲ್ಲೆಯ ಅಬ್ಬಣಿಯ ಅ. ನಾ. ಪ್ರಹ್ಲಾದರಾವ್ ಅವರು ಒಬ್ಬರೇ ಸಾವಿರಾರು ಪದಬಂಧಗಳನ್ನು ಹೆಣೆದಿದ್ದಾರೆಂದು ಓದಿದಾಗ ಮೊದಲು ನೆನಪಾದವರು ಮಾಸ್ತರರೇ; ಅವರು ಇದ್ದಿದ್ದರೆ ಪ್ರಹ್ಲಾದರಾಯರಿಗೆ ಉದ್ದದ ಕಾಗದ ಬರೆಯುತ್ತಿದ್ದರು, ನಡುನಡುವೆ ಒಂದೆರಡು ತಕರಾರು ಸೇರಿಸಿ.

ಈಗ ನಮ್ಮದೊಂದು ವಾಟ್ಸ್‌ಆ್ಯಪ್ ಗುಂಪಿದೆ. ಅಂದು ಮಾಸ್ತರರ ಪೆನ್ನು ಗಳಿಸಿದ ಹುಡುಗಿ ಈಗ ಪುಣೆಯಲ್ಲಿ ಅಜ್ಜಿಯಾಗಿದ್ದಾಳೆ. ದಿನ ಬೆಳಗಾದರೆ ‘ಪ್ರಜಾವಾಣಿ’ಯ ಪದಬಂಧದ ಫೋಟೋ ಹಾಕುವುದು ಅವಳೇ. ಜಗಳದ ಪದಗಳ ಪಟ್ಟಿಯೊಂದನ್ನು ಎಲ್ಲರೂ ಸೇರಿ ಬೆಳೆಸುತ್ತಿದ್ದೇವೆ, ಯಾವ ಊರಿನವರು ಯಾವುದನ್ನು ತಂದರೆಂದು ಪಕ್ಕದಲ್ಲಿ ಬರೆದು. ಹೋದ ವಾರ ‘ತ’ದಿಂದ ಶುರುವಾಗುವ ಮೂರಕ್ಷರ ಬಂತು, ಸುಳಿವು ‘ಜಗಳ’. ಮುಧೋಳದ ಅಕ್ಕಾರ ಮಗಳು ಬೆಂಗಳೂರಿನಲ್ಲಿದ್ದು ಅಲ್ಲಿಯ ಮಾತು ರೂಢಿಯಾದವಳು. ‘ತಗಾದೆ’ ಎಂದು ಬರೆದಳು. ವಿಜಾಪುರ ಕಾಕಾನ ಮಗ ಒಪ್ಪಲಿಲ್ಲ. ‘ತಗಾದಿ ಅಂದ್ರ ಕೊಟ್ಟ ರೊಕ್ಕ ವಾಪಸ್ ಕೇಳೂದು. ಅದು ಜಗಳ ಹೆಂಗಾಕ್ಕೈತಿ?’ ‘ನೀನು ಕೇಳಿ ನೋಡು, ಜಗಳ ಆಗೇ ಆಗುತ್ತೆ’ ಎಂದು ಅವಳು. ಮರುದಿನ ಪತ್ರಿಕೆಯಲ್ಲಿ ಬಂದ ಉತ್ತರ ‘ತಗಾದೆ’ಯೇ. ಆದರೂ ಅವನು ಪಟ್ಟಿಗೆ ಸೇರಿಸಲು ಬಿಟ್ಟಿಲ್ಲ. ಕಾರಂತರ ಅರ್ಥಕೋಶ ಅಂಕೋಲೆಯಲ್ಲಿ ಮಾಸ್ತರರ ಮಗನ ಮನೆಯಲ್ಲಿದೆಯಂತೆ. ಆ ಪುಟದ ಫೋಟೋ ಕಳಿಸಿ ಎಂದು ಕೇಳಿದ್ದೇವೆ.